‘ಅದು ನಿಮ್ಮ ಅಹಂಕಾರ’ ಅಂತ ಯಾರಾದರೂ ಅಂದರೆ

ಕೆಲವು ತಿಂಗಳಿಂದ ಬರುತ್ತಿರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಅಹಂಕಾರವನ್ನು ನಾಶ ಮಾಡುವುದು ಹೇಗೆ? ಕೆಲವರು ‘ಕೊಲ್ಲುವುದು’ ಅನ್ನುತ್ತಾರೆ, ಕೆಲವರು ‘ಸುಡುವುದು’. ಬೇರುಸಹಿತ ಕೀಳಲು ಎಷ್ಟು ದಿನ ಬೇಕು, ಅದರ ಪ್ರಕಾರ ರಜೆ ಹಾಕುತ್ತೇನೆ ಎಂದು ಒಬ್ಬರು ಬರೆದಿದ್ದಾರೆ. ನಾನು ಮನೋವೈದ್ಯ. ಬಹಳ ವರ್ಷಗಳಿಂದ ಬೆಳಿಗ್ಗೆ ಧ್ಯಾನಕ್ಕೂ ಕೂರುತ್ತೇನೆ. ಎರಡೂ ಕಡೆಯ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಈ ಸಲ ಉತ್ತರಗಳು ಸ್ವಲ್ಪ ಒರಟಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಧ್ಯಾನ ಅಂದರೇನು, ಯಾವ ದಿಕ್ಕಿಗೆ ಕೂರಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದನ್ನು ಹೇಳಲು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: 21 ದಿನಗಳಲ್ಲಿ ಅಹಂಕಾರ ಕಳೆಯುವ ಆನ್‌ಲೈನ್ ಕೋರ್ಸ್ ಇದೆಯಂತೆ. ಕೊನೆಗೆ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಸೇರಬಹುದೇ?

ಆ ಪ್ರಮಾಣಪತ್ರದಲ್ಲಿ ಯಾರ ಹೆಸರು ಬರೆಯುತ್ತಾರೆ ಅಂತ ಮೊದಲು ಕೇಳಿ.

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ವರ್ಷದಿಂದ ಒಬ್ಬ ಗುರುಗಳ ಬಳಿ ಸಾಧನೆ ಮಾಡುತ್ತಿದ್ದೇನೆ. ಈಗ ದಿನಕ್ಕೆ ಆರು ಗಂಟೆ ಕೂರುತ್ತೇನೆ, ನಿದ್ದೆ ಮೂರು ನಾಲ್ಕು ಗಂಟೆ. ಎರಡು ತಿಂಗಳಿಂದ ಏನೋ ಬದಲಾಗಿದೆ. ಕನ್ನಡಿ ನೋಡಿದರೆ ಬೇರೆ ಯಾರದೋ ಮುಖ ನೋಡಿದ ಹಾಗೆ. ನನ್ನ ಕೈ ನನ್ನದಲ್ಲದ ಹಾಗೆ. ಮೊನ್ನೆ ಮಗ ಬಿದ್ದು ಅತ್ತಾಗ ಗಾಜಿನ ಆಚೆ ಯಾರೋ ಅಳುತ್ತಿರುವ ಹಾಗಿತ್ತು. ಎತ್ತಿಕೊಂಡೆ, ಆದರೆ ಒಳಗೆ ಏನೂ ಆಗಲಿಲ್ಲ. ಗುರುಗಳು ‘ಅಹಂಕಾರ ಕರಗುತ್ತಿದೆ, ಒಳ್ಳೆಯ ಲಕ್ಷಣ’ ಎಂದರು. ಭಯವಾಗುತ್ತಿದೆ ಎಂದರೆ ‘ಭಯಪಡುತ್ತಿರುವುದೇ ನಿನ್ನ ಅಹಂಕಾರ’ ಅನ್ನುತ್ತಾರೆ. ಆತಂಕಕ್ಕೆ ತೆಗೆದುಕೊಳ್ಳುವ ಮಾತ್ರೆ ಬಿಡಲು ಹೇಳಿದ್ದಾರೆ. ಉಳಿತಾಯದ ಹಣವನ್ನು ಸಂಸ್ಥೆಗೆ ಒಪ್ಪಿಸಿದರೆ ‘ನನ್ನದು’ ಎನ್ನುವುದು ಪೂರ್ತಿ ಹೋಗುತ್ತದಂತೆ. ಮುಂದುವರಿಯಲೇ?

ಬೇಡಮ್ಮ. ಇವತ್ತಿನಿಂದಲೇ ಕೂರುವುದನ್ನು ನಿಲ್ಲಿಸಿ. ಆರು ಗಂಟೆಯನ್ನು ಮೂರಕ್ಕೆ ಇಳಿಸುವುದಲ್ಲ, ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ರಾತ್ರಿ ಏಳೆಂಟು ಗಂಟೆ ನಿದ್ದೆಗೆ ಅಂತ ಮೀಸಲಿಡಿ. ಈ ವಾರವೇ ಮನೋವೈದ್ಯರನ್ನು ನೋಡಿ. ಮಾತ್ರೆ ಇನ್ನೂ ನಡೆಯುತ್ತಿದ್ದರೆ ನಿಮ್ಮಷ್ಟಕ್ಕೆ ಬಿಡಬೇಡಿ. ಬಿಟ್ಟಾಗಿದ್ದರೆ ಯಾವಾಗ ಬಿಟ್ಟಿರಿ, ಒಂದೇ ಸಲಕ್ಕೆ ಬಿಟ್ಟಿರಾ ಎನ್ನುವುದನ್ನು ವೈದ್ಯರಿಗೆ ಮೊದಲು ಹೇಳಿ. ಎಷ್ಟೋ ಮಾತ್ರೆಗಳನ್ನು ದಿಢೀರ್ ಎಂದು ನಿಲ್ಲಿಸಿದರೆ ಆತಂಕ ಮೊದಲಿಗಿಂತ ಜೋರಾಗಿ ವಾಪಸು ಬರಬಹುದು, ನೀವು ಹೇಳುತ್ತಿರುವಂಥ ಅನುಭವವೂ ಬರಬಹುದು. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸಾಯುವ ಯೋಚನೆ ಬಂದರೆ ಅಥವಾ ಯಾರೂ ಇಲ್ಲದಾಗ ದನಿ ಕೇಳಿಸಿದರೆ ವಾರದವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಸಮಾಧಾನವಾಗಿ ಮಾತಾಡೋಣ. ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಪದ ಒಂದಿದೆ: ‘ಹಾಗೆ’. ಬೇರೆಯವರ ಮುಖ ನೋಡಿದ ಹಾಗೆ, ಗಾಜಿನ ಆಚೆ ಇದ್ದ ಹಾಗೆ. ಅದು ನಿಮ್ಮದೇ ಮುಖ, ಗಾಜು ಇಲ್ಲ ಅಂತ ನಿಮಗೆ ಚೆನ್ನಾಗಿ ಗೊತ್ತಿದೆ. ಆ ‘ಹಾಗೆ’ ಬಿದ್ದುಹೋಗಿ ‘ಕನ್ನಡಿಯಲ್ಲಿ ಇನ್ಯಾರೋ ಇದ್ದಾರೆ’ ಎಂದು ಬರೆದಿದ್ದರೆ ನನಗೆ ಹೆಚ್ಚು ಗಾಬರಿಯಾಗುತ್ತಿತ್ತು. ನೀವು ಹೇಳುತ್ತಿರುವುದಕ್ಕೆ ನಮ್ಮ ವೃತ್ತಿಯಲ್ಲಿ ಡಿಪರ್ಸನಲೈಸೇಷನ್ ಎನ್ನುತ್ತಾರೆ. ತನ್ನಿಂದ ತಾನೇ ದೂರ ನಿಂತಂತಾಗುವ ಸ್ಥಿತಿ. ನಿದ್ದೆಗೆಟ್ಟಾಗ, ಆತಂಕ ವಿಪರೀತವಾದಾಗ, ದೊಡ್ಡ ಆಘಾತವಾದಾಗ, ಗಾಂಜಾ ಸೇದಿದಾಗ ಇದು ಬರುತ್ತದೆ. ಕೆಲವರಿಗೆ ಮೂರ್ಛೆರೋಗದ ಒಂದು ಬಗೆಯಲ್ಲಿಯೂ ಕಾಣಿಸುತ್ತದೆ. ಅದಕ್ಕೇ ಪತ್ರ ಓದಿ ‘ಇದೇ’ ಅಂತ ಷರಾ ಬರೆಯಲು ನನಗೆ ಧೈರ್ಯವಿಲ್ಲ, ಎದುರು ಕೂರಿಸಿ ನೋಡುವವರು ಬೇಕು. ಕ್ಷಣಮಾತ್ರಕ್ಕೆ ಬಂದುಹೋಗುವುದು ತುಂಬ ಜನರಿಗೆ ಆಗಿರುತ್ತದೆ. ತಿಂಗಳುಗಟ್ಟಲೆ ಉಳಿಯುವುದು ನೂರಕ್ಕೆ ಒಬ್ಬಿಬ್ಬರಿಗೆ. ಹೆಚ್ಚು ಹೊತ್ತು ಧ್ಯಾನಕ್ಕೆ ಕೂರುವವರಲ್ಲಿಯೂ ಇದು ಕಂಡುಬರುವುದು ವೈದ್ಯರಿಗೆ ಹೊಸ ವಿಷಯವೇನಲ್ಲ.

ದಿನಕ್ಕೆ ಆರು ಗಂಟೆ ‘ಇದು ನಾನಲ್ಲ, ಇದು ನಾನಲ್ಲ’ ಅಂತ ಮನಸ್ಸಿಗೆ ಅಭ್ಯಾಸ ಮಾಡಿಸಿ, ಮೇಲೆ ನಿದ್ದೆಯನ್ನೂ ಕೊಡದಿದ್ದರೆ ಮನಸ್ಸು ಹೇಳಿದಷ್ಟೇ ಮಾಡುತ್ತದೆ. ಅದಕ್ಕೆ ಕಲಿಸಿದ ಪಾಠವನ್ನು ಅದು ಒಪ್ಪಿಸುತ್ತಿದೆ.

ಹಾಗಾದರೆ ಅಹಂಕಾರ ಕರಗುವುದು ಸುಳ್ಳೇ? ಅಲ್ಲ. ಗೋಜಲು ಇರುವುದು ಪದದಲ್ಲಿ. ಒಂದೇ ಪದದಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ತುಂಬಿದ್ದೇವೆ.

ಒಂದು, ಜಂಬ. ಸೊಕ್ಕು, ಧಿಮಾಕು ಅನ್ನುತ್ತೇವಲ್ಲ, ಅದು. ದಿನಬಳಕೆಯಲ್ಲಿ ‘ಈಗೋ’ ಅಂದರೆ ಇದೇ. ಅದೂ ಯಾವಾಗಲೂ ಎದುರಿನವರದು. ನನಗಿರುವುದು ಸ್ವಾಭಿಮಾನ, ನಿನಗಿರುವುದು ಈಗೋ. ಇದು ಕಮ್ಮಿಯಾದರೆ ಮನೆಮಂದಿಗೆಲ್ಲ ಒಳ್ಳೆಯದು, ತಕರಾರಿಲ್ಲ.

ಎರಡು, ಮನೋವಿಜ್ಞಾನದ ಈಗೋ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1923ರಲ್ಲಿ ಇದರ ಬಗ್ಗೆ ಬರೆದಾಗ ಬಳಸಿದ ಜರ್ಮನ್ ಪದ ‘ಇಶ್’. ಅಂದರೆ ಮನೆಮಾತಿನ ‘ನಾನು’, ಅಷ್ಟೇ. ಇಂಗ್ಲಿಷಿಗೆ ತಂದವರು ಅದಕ್ಕೆ ಲ್ಯಾಟಿನ್ ಅಂಗಿ ತೊಡಿಸಿ ‘ಈಗೋ’ ಮಾಡಿದರು. ಆತ ಕೊಟ್ಟ ಹೋಲಿಕೆ ಕುದುರೆ ಸವಾರನದು. ಒಳಗಿನ ಆಸೆಗಳು ಕುದುರೆ, ಈ ‘ನಾನು’ ಸವಾರ. ಕೋಪ ಬಂದರೂ ಕೈ ಎತ್ತದಂತೆ ತಡೆಯುವುದು, ನಾಳೆ ಏನು ಅಂತ ಯೋಚಿಸುವುದು, ‘ಇದು ನನಗೆ ಸರಿಹೋಗುತ್ತಿಲ್ಲ’ ಅನ್ನುವುದು, ಎಲ್ಲ ಈ ಸವಾರನ ಕೆಲಸ. ಅವನನ್ನು ಕೆಳಗೆ ತಳ್ಳಿದರೆ ನಿಮಗೆ ಮೋಕ್ಷ ಸಿಗುವುದಿಲ್ಲ. ಕುದುರೆಯ ಹಗ್ಗ ಬೇರೆ ಯಾರದೋ ಕೈಗೆ ಹೋಗುತ್ತದೆ.

ಮೂರು, ನಮ್ಮ ಶಾಸ್ತ್ರಗಳ ಅಹಂಕಾರ. ಇದಕ್ಕೂ ಜಂಬಕ್ಕೂ ನೇರ ಸಂಬಂಧವಿಲ್ಲ. ಸಾಂಖ್ಯ ದರ್ಶನದವರ ಲೆಕ್ಕದಲ್ಲಿ ಪ್ರಕೃತಿಯಿಂದ ಮಹತ್ತು, ಅಂದರೆ ಬುದ್ಧಿ; ಮಹತ್ತಿನಿಂದ ಅಹಂಕಾರ; ಅಹಂಕಾರದಿಂದ ಮನಸ್ಸು, ಹತ್ತು ಇಂದ್ರಿಯಗಳು, ಶಬ್ದ ಸ್ಪರ್ಶಗಳಂಥ ಐದು ಸೂಕ್ಷ್ಮ ತನ್ಮಾತ್ರೆಗಳು. ಅಂದರೆ ಅದೊಂದು ಕಾಯಿಲೆ ಅಲ್ಲ, ಯಂತ್ರದ ಭಾಗ. ಕಣ್ಣು ಕಿವಿಗಳು ಬರುವುದಕ್ಕೂ ಮೊದಲೇ ಪಟ್ಟಿಯಲ್ಲಿ ಇರುವ ಭಾಗ. ಗೀತೆಯ ಮೂರನೇ ಅಧ್ಯಾಯದಲ್ಲಿ ಬೈಯುವುದು ‘ಮಾಡುತ್ತಿರುವವನು ನಾನೇ’ ಎಂದು ತಿಳಿಯುವ ತಪ್ಪನ್ನು. ಯೋಗಸೂತ್ರದ ಪತಂಜಲಿ ಐದು ಕ್ಲೇಶಗಳಲ್ಲಿ, ಅಂದರೆ ಮನಸ್ಸನ್ನು ಕಾಡುವ ದೋಷಗಳಲ್ಲಿ, ಎರಡನೆಯದಾಗಿ ಅಸ್ಮಿತೆಯನ್ನು (‘ನಾನು’ ಎಂಬ ಭಾವವನ್ನು) ಇಟ್ಟು, ನೋಡುವವನೂ ನೋಡುವ ಸಾಧನವೂ ಒಂದೇ ಇದ್ದ ಹಾಗೆ ತೋರುವುದು ಎನ್ನುತ್ತಾನೆ. ಸೂತ್ರದಲ್ಲಿ ಸಂಸ್ಕೃತದ ‘ಇವ’ ಅಂತಲೇ ಇದೆ. ನಿಮ್ಮ ಪತ್ರದ ‘ಹಾಗೆ’ಯೇ ಅದು. ಸರಿಪಡಿಸಬೇಕಾದದ್ದು ಲೆಕ್ಕದಲ್ಲಿನ ತಪ್ಪನ್ನು. ಲೆಕ್ಕ ಬರೆಯುವವನನ್ನು ಹೊಡೆದು ಹಾಕಲು ಯಾರೂ ಹೇಳಿಲ್ಲ. ರಾಮಕೃಷ್ಣ ಪರಮಹಂಸರು ಇನ್ನೂ ಸರಳವಾಗಿ ಹೇಳಿದರು. ‘ನಾನು’ ಎರಡು ಬಗೆ, ಕಾಯಿ ಮತ್ತು ಹಣ್ಣು. ಹೇಗಿದ್ದರೂ ಇದು ಹೋಗುವುದಿಲ್ಲ, ದಾಸನಾಗಿ ಇರಲಿ ಬಿಡಿ ಎಂಬುದು ಅವರ ಮಾತಿನ ಸಾರ. ಸುಟ್ಟ ಹಗ್ಗದ ಉಪಮೆಯನ್ನೂ ಕೇಳಿರುತ್ತೀರಿ. ಹಗ್ಗದ ಆಕಾರ ಹಾಗೇ ಇರುತ್ತದೆ, ಕಟ್ಟಲು ಬರುವುದಿಲ್ಲ.

ನಿಮಗೆ ಆಗಿರುವುದು ಇದರ ತಿರುವುಮುರುವು. ಆಕಾರ ಹೋಗಿದೆ, ಕಟ್ಟು ಹಾಗೇ ಇದೆ. ಭಯ ಇದೆ, ಆದರೆ ಮಗನ ಮೇಲಿನ ಅಕ್ಕರೆ ಕೈಗೆ ಸಿಗುತ್ತಿಲ್ಲ. ನಾನು ಕಂಡ ಒಳ್ಳೆಯ ಸಾಧಕರಲ್ಲಿ ‘ನಾನು’ ಹಗುರಾದ ಹಾಗೆ ಜನ ಹತ್ತಿರವಾಗಿದ್ದಾರೆ. ಪಕ್ಕದಲ್ಲಿ ಮಗು ಅತ್ತರೆ ಮೊದಲು ಎದ್ದು ಹೋಗುವವರು ಅವರೇ.

ಗುರುಗಳ ವಿಷಯ. ‘ಭಯಪಡುತ್ತಿರುವುದೇ ನಿನ್ನ ಅಹಂಕಾರ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಒಪ್ಪಿದರೆ ಶರಣಾಗತಿ, ಒಪ್ಪದಿದ್ದರೆ ಅಹಂಕಾರ. ಯಾವ ಕಡೆಯಿಂದ ಎಸೆದರೂ ಅವರೇ ಗೆಲ್ಲುವ ನಾಣ್ಯ ಅದು. ಮೈಗೆ ಜ್ವರ ಬಂದಿದೆ ಎಂದರೆ ‘ಜ್ವರ ಅಂದುಕೊಳ್ಳುವುದೇ ರೋಗ’ ಎನ್ನುವ ವೈದ್ಯನ ಬಳಿ ಎರಡನೇ ಸಲ ಹೋಗುತ್ತೀರಾ? ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಮುಂದಿನ ಸಲ ಏನಾದರೂ ಚಿಕ್ಕ ಕೆಲಸ ಹೇಳಿದಾಗ ‘ಇಲ್ಲ ಗುರುಗಳೇ, ನನಗೆ ಆಗುವುದಿಲ್ಲ’ ಅನ್ನಿ. ಕಾರಣ ಕೊಡಬೇಡಿ. ಆಮೇಲೆ ಸುಮ್ನೆ ಅವರ ಮುಖ ನೋಡಿ. ನಿಜವಾದ ಗುರುವಿಗೆ ಶಿಷ್ಯರ ‘ಇಲ್ಲ’ ನುಂಗಲು ಕಷ್ಟವಾಗುವುದಿಲ್ಲ. ನಿಮ್ಮ ಅಹಂಕಾರ ಕಳೆಯಲು ನಿಮ್ಮ ಉಳಿತಾಯವೇ ಬೇಕು, ಅದೂ ತಮ್ಮ ಖಾತೆಗೇ ಬರಬೇಕು ಎನ್ನುವವರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಮಾತ್ರೆ ಬಿಡಿಸುವವರ ಬಗ್ಗೆ ಹೇಳುತ್ತೇನೆ: ಓದದ ವಿದ್ಯೆಯಲ್ಲಿ ಸಲಹೆ ಕೊಡುವುದಕ್ಕಿಂತ ದೊಡ್ಡ ಅಹಂಕಾರ ನಾನು ನೋಡಿಲ್ಲ.

ಇನ್ನೊಂದು ಮಾತು ಕೇಳಿದರೆ ನೋವಾಗಬಹುದು. ಮನೋಚಿಕಿತ್ಸಕರೂ ಬೌದ್ಧ ಸಾಧಕರೂ ಆಗಿದ್ದ ಜಾನ್ ವೆಲ್‌ವುಡ್ 1984ರಲ್ಲಿ ಒಂದು ವಿಷಯ ಗುರುತಿಸಿದರು. ಹಳೆಯ ಗಾಯ, ಮುಗಿಯದ ಜಗಳ, ಕೀಳರಿಮೆ ಇವನ್ನು ಎದುರಿಸಲಾಗದೆ ಅಧ್ಯಾತ್ಮದ ಅಡ್ಡದಾರಿ ಹಿಡಿದು ಅವುಗಳಿಂದ ತಪ್ಪಿಸಿಕೊಳ್ಳುವ ಅಭ್ಯಾಸ ಅದು. ‘ಅಹಂಕಾರ ಕೊಲ್ಲಬೇಕು’ ಎಂದು ನನ್ನ ಮುಂದೆ ಕೂರುವವರಲ್ಲಿ ತುಂಬ ಮಂದಿಗೆ ಕೊಲ್ಲುವಷ್ಟು ಅಹಂಕಾರವೇ ಇರುವುದಿಲ್ಲ. ತಮ್ಮನ್ನು ಕಂಡರೆ ತಮಗೇ ಆಗದು, ಅಷ್ಟೆ. ಆ ದ್ವೇಷಕ್ಕೆ ಒಂದು ಪವಿತ್ರ ಹೆಸರು ಸಿಕ್ಕಿರುತ್ತದೆ. ಸಾಧನೆಗೆ ಮೊದಲಿನ ಆತಂಕಕ್ಕೆ ಕಾರಣ ಏನಿತ್ತು ಎಂದು ನೀವು ಬರೆದಿಲ್ಲ. ವೈದ್ಯರ ಹತ್ತಿರ ಅಲ್ಲಿಂದ ಶುರು ಮಾಡಿ.

ಕನ್ನಡಿಯ ಮುಂದೆ ನಿಂತು ‘ಈಗಲೂ ಹಾಗೇ ಇದೆಯಾ’ ಎಂದು ಪದೇ ಪದೇ ಪರೀಕ್ಷಿಸಬೇಡಿ, ಅದರಿಂದ ಜಾಸ್ತಿಯಾಗುತ್ತದೆ. ಬರಿಗಾಲಲ್ಲಿ ನಡೆಯಿರಿ, ಪಾತ್ರೆ ತೊಳೆಯಿರಿ, ತಣ್ಣೀರಿಗೆ ಕೈ ಒಡ್ಡಿ. ಮಗನ ತಲೆ ಬಾಚಿ. ಒಳಗೆ ಏನೂ ಆಗದಿದ್ದರೂ ಬಾಚಿ.

ಪ್ರಶ್ನೆ: ‘ನಾನು’ ಎಂಬ ಪದ ಬಳಸುವುದನ್ನೇ ಬಿಟ್ಟಿದ್ದೇನೆ. ‘ಈ ದೇಹಕ್ಕೆ ಹಸಿವಾಗಿದೆ’ ಎನ್ನುತ್ತೇನೆ. ಇದರಿಂದ ಅಹಂಕಾರ ಹೋಗುತ್ತದೆಯೇ?

ನೀವೇ ಬರೆದಿರುವುದನ್ನು ನೋಡಿ: ‘ಬಿಟ್ಟಿದ್ದೇನೆ’, ‘ಎನ್ನುತ್ತೇನೆ’. ಕನ್ನಡದಲ್ಲಿ ‘ನಾನು’ ಹೇಳದಿದ್ದರೂ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಹೋದೆ, ತಿಂದೆ, ಅಹಂಕಾರ ಬಿಟ್ಟೆ. ವ್ಯಾಕರಣವನ್ನು ಅದರ ಪಾಡಿಗೆ ಬಿಡಿ. ಹಸಿವಾಗಿದ್ದರೆ ಊಟ ಮಾಡಿ.

ಪ್ರಶ್ನೆ: ಭ್ರಮೆ ತರಿಸುವ ಕೆಲವು ಅಣಬೆ ತಿಂದರೆ ಒಂದೇ ರಾತ್ರಿಯಲ್ಲಿ ಅಹಂಕಾರ ಸಾಯುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ. ನಿಜವೇ?

ಆ ಸಂಶೋಧನೆಗಳಲ್ಲಿ ಸೈಕೋಸಿಸ್‌ನ, ಅಂದರೆ ಭ್ರಮೆ ಹುಟ್ಟುವ, ಇಲ್ಲದ ದನಿ ಕೇಳಿಸುವಂಥ ಕಾಯಿಲೆಯ ಇತಿಹಾಸ ಇರುವವರನ್ನು ಸಾಮಾನ್ಯವಾಗಿ ಸೇರಿಸುವುದೇ ಇಲ್ಲ, ಸೇರಿಸಿಕೊಂಡವರ ಪಕ್ಕದಲ್ಲಿ ತರಬೇತಾದವರು ಇಡೀ ಹೊತ್ತು ಕೂತಿರುತ್ತಾರೆ. ಯಾರೋ ಸ್ನೇಹಿತನ ರೂಮಿನಲ್ಲಿ ತಿಂದರೆ ಆ ತಪಾಸಣೆಯೂ ಇರುವುದಿಲ್ಲ, ಪಕ್ಕದಲ್ಲಿ ಕೂರುವವರೂ ಇರುವುದಿಲ್ಲ. ಬೇಡ.

ಪ್ರಶ್ನೆ: ಎರಡು ವರ್ಷದಿಂದ ಧ್ಯಾನ, ಯೋಗ ಮಾಡುತ್ತಿದ್ದೇನೆ. ಶಾಂತಿ ಸಿಕ್ಕಿದೆ. ಆದರೆ ಉಳಿದವರನ್ನು ನೋಡಿದರೆ ‘ಪಾಪ, ಇವರಿಗೆ ಏನೂ ಗೊತ್ತಿಲ್ಲ’ ಅನಿಸುತ್ತದೆ. ಇದು ತಪ್ಪಾ?

ಅನಿಸುವುದು ಎಲ್ಲರಿಗೂ ಅನಿಸುತ್ತದೆ, ಕೇಳಿದವರು ನೀವೊಬ್ಬರು. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಯಿತು. ಯೋಗ ಕಲಿಯುತ್ತಿದ್ದ 93 ಜನರನ್ನು 15 ವಾರ, ಧ್ಯಾನ ಮಾಡುತ್ತಿದ್ದ 162 ಜನರನ್ನು ನಾಲ್ಕು ವಾರ ಗಮನಿಸಿದರು. ಅಭ್ಯಾಸದ ನಂತರ ‘ನಾನು ಇತರರಿಗಿಂತ ಮೇಲು’ ಎಂಬ ಭಾವ ಇಳಿಯಲಿಲ್ಲ, ಏರಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ವಯಸ್ಸಿನಲ್ಲಿದ್ದಾಗ ಒಂದು ಮೌನ ಶಿಬಿರಕ್ಕೆ ಹೋಗಿದ್ದೆ. ಒಂದು ಗಂಟೆ ಅಲುಗದೆ ಕೂರಬೇಕಿತ್ತು. ಮಂಡಿ ಸಿಡಿಯುತ್ತಿತ್ತು. ಐವತ್ತು ನಿಮಿಷ ಆಗಿರಬಹುದು, ಪಕ್ಕದಿಂದ ಬಟ್ಟೆಯ ಸರಸರ ಸದ್ದು ಕೇಳಿಸಿತು. ಎಡಗಣ್ಣು ಚೂರು ತೆರೆದು ನೋಡಿದೆ. ಪಕ್ಕದವರು ಕಾಲು ಚಾಚಿದ್ದರು. ಆ ಸಂತೋಷದಲ್ಲಿ ನನ್ನ ಮಂಡಿನೋವು ಪೂರ್ತಿ ಮಾಯ! ಆ ಶಿಬಿರದಲ್ಲಿ ನನಗೆ ಸಿಕ್ಕ ಅತಿ ಆಳವಾದ ಶಾಂತಿ ಅದೇ ಇರಬೇಕು.

‘ಪಾಪ’ ಎಂಬ ಪದ ಬಾಯಿಗೆ ಬಂದಾಗಲೆಲ್ಲ ಗಮನಿಸಿ. ಓಡಿಸಲು ಹೋಗಬೇಡಿ. ಓಡಿಸಿದೆ ಅಂತ ಇನ್ನೊಂದು ಹೆಮ್ಮೆ ಹುಟ್ಟುತ್ತದೆ.

ಪ್ರಶ್ನೆ: ಅಹಂಕಾರ ಹೋದರೆ ಕೆಲಸದಲ್ಲಿ ಮುಂದೆ ಬರುವ ಛಲವೂ ಹೋಗುತ್ತದಾ?

ಹೋದ ಮೇಲೆ ಬರೆಯಿರಿ.

ಪ್ರಶ್ನೆ: ನನ್ನ ಗಂಡನಿಗೆ ಅಹಂಕಾರ ತುಂಬಾ ಜಾಸ್ತಿ. ಅವರಿಗೆ ಯಾವ ಧ್ಯಾನ ಒಳ್ಳೆಯದು?

ಅವರು ಪತ್ರ ಬರೆದರೆ ಉತ್ತರಿಸುತ್ತೇನೆ.