ಬರ್ಕ್ಲಿಯ ಬೊಟಾನಿಕಲ್ ಗಾರ್ಡನ್‌ಗೆ ಅಪ್ಪ ಅಮ್ಮನನ್ನು ಯಾವಾಗ ಕರೆದುಕೊಂಡು ಹೋಗಬೇಕು?

ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಇಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯ ಬೊಟಾನಿಕಲ್ ಗಾರ್ಡನ್‌ಗೆ ಜೂನ್‌ನಲ್ಲಿ ಹೋದರೆ ಆಗುತ್ತಾ, ಹೂವು ಬಿಟ್ಟು ಅಲ್ಲಿ ಇನ್ನೇನಿದೆ ಅಂತ ಕೇಳಿದ್ದೀರಿ.

ಸಾಧ್ಯವಾದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್‌ಗೇ ಕರೆಸಿಕೊಳ್ಳಿ. ನಮ್ಮ ಕಡೆ ಜೂನ್ ಅಂದರೆ ಮಳೆ, ಹಸಿರು. ಇಲ್ಲಿ ಉಲ್ಟಾ. ಮಳೆ ಬೀಳುವುದು ಚಳಿಗಾಲದಲ್ಲಿ. ಜೂನ್ ಹೊತ್ತಿಗೆ ಸುತ್ತಲ ಗುಡ್ಡಗಳ ಹುಲ್ಲೆಲ್ಲ ಒಣಗಿರುತ್ತದೆ.

ಈ ತೋಟ 1890ರಲ್ಲಿ ಕ್ಯಾಂಪಸ್ಸಿನಲ್ಲೇ ಶುರುವಾಯಿತು. 1920ರ ದಶಕದಲ್ಲಿ ಈಗಿರುವ ಸ್ಟ್ರಾಬೆರಿ ಕ್ಯಾನಿಯನ್ ಕಣಿವೆಗೆ ಬಂತು. 34 ಎಕರೆ ಇದೆ. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಅಂತ ಆಯಾ ಸೀಮೆಯ ಗಿಡಗಳನ್ನು ಒಂದೊಂದು ಕಡೆ ಬೆಳೆಸಿದ್ದಾರೆ. ಸಮಯ ಕಮ್ಮಿ ಇದ್ದರೆ ಅವನ್ನೆಲ್ಲ ಬಿಟ್ಟು ಸೀದಾ ಕ್ಯಾಲಿಫೋರ್ನಿಯಾದ ಗಿಡಗಳಿರುವ ಭಾಗಕ್ಕೆ ಹೋಗಿ. ನನಗೆ ಆ ತೋಟದ ಜೀವ ಇರುವುದೇ ಅಲ್ಲಿ.

ಮ್ಯಾಂಜನೀಟಾ ಅನ್ನುವ ಗಿಡ ನೋಡಿ. ಕಡುಗೆಂಪು ಕಾಂಡ, ಸೀಬೆ ಮರದ ಹಾಗೆ ತೆಳ್ಳಗೆ ಸಿಪ್ಪೆ ಬಿಡುತ್ತದೆ, ಕೈಯಾಡಿಸಿದರೆ ಅಷ್ಟೇ ನುಣುಪು.

ನಮ್ಮಮ್ಮ ಸಾಗರದ ಕಡೆಯವರು. ಅವರು ಬಂದಿದ್ದಾಗ ಒಂದು ಬಳ್ಳಿಯ ಮುಂದೆ ಸುಮ್ನೆ ನಿಂತುಬಿಟ್ಟರು. "ಇದು ನಮ್ಮ ಈಶ್ವರಿ ಬಳ್ಳಿ ಜಾತಿ ಅಲ್ವೇನೋ?" ಅಂದರು. ಹೌದು, ಅದೇ ಕುಲ. ಇಲ್ಲಿ ಪೈಪ್‌ವೈನ್ ಅನ್ನುತ್ತಾರೆ. ಹೂವು ಡೊಂಕಾಗಿ, ಸೇದುವ ಪೈಪಿನ ಹಾಗೆ ನೇತಾಡುತ್ತದೆ. ಎಲೆ ಬರುವ ಮುಂಚೆಯೇ ಹೂವು ಬಂದಿರುತ್ತದೆ. ಏಪ್ರಿಲ್‌ನಿಂದಾಚೆ ಎಲೆಯ ಅಡಿ ಬಗ್ಗಿ ನೋಡಿ. ಕಪ್ಪು ಮೈ, ಮೇಲೆ ಕಿತ್ತಳೆ ಚುಕ್ಕೆಗಳ ಹುಳುಗಳು ಗುಂಪಾಗಿ ಮೇಯುತ್ತಿರಬಹುದು. ಬಳ್ಳಿಯ ವಿಷ ಹುಳುವಿನ ಮೈ ಸೇರುತ್ತದೆ, ಅದಕ್ಕೇ ಹಕ್ಕಿಗಳು ಮುಟ್ಟುವುದಿಲ್ಲ. ಆಮೇಲೆ ಅದು ಹೊಳೆಯುವ ನೀಲಿ ರೆಕ್ಕೆಯ ಚಿಟ್ಟೆಯಾಗುತ್ತದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದೆಯಲ್ಲ, ಅದೂ ಈಶ್ವರಿ ಬಳ್ಳಿಯ ಮೇಲೇ ಮೊಟ್ಟೆ ಇಡುವುದು. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು. ಅಲ್ಲಿಯವರೆಗೆ ಅವರಿಗೆ ಈ ದೇಶದಲ್ಲಿ ಯಾವುದೂ ತಮ್ಮದು ಅನ್ನಿಸಿರಲಿಲ್ಲ.

ಏಷ್ಯಾ ಭಾಗದ ಜಪಾನೀ ಕೊಳವನ್ನು ಮಾತ್ರ ತಪ್ಪಿಸಬೇಡಿ. ಚಳಿಗಾಲದಿಂದ ವಸಂತದವರೆಗೆ ನ್ಯೂಟ್‌ಗಳು ಮೊಟ್ಟೆ ಇಡಲು ಅಲ್ಲಿಗೆ ಬರುತ್ತವೆ. ನೋಡಲು ಹಲ್ಲಿಯ ಹಾಗೆ, ಆದರೆ ಕಪ್ಪೆಯ ಬಳಗ. ಬೆನ್ನು ಕಂದು, ಹೊಟ್ಟೆ ಕಿತ್ತಳೆ. ನೀರೊಳಗೆ ಕೈಕಾಲು ಇಳಿಬಿಟ್ಟು ತೇಲುತ್ತಾ ಇರುತ್ತವೆ. ಮುಟ್ಟಬೇಡಿ, ಚರ್ಮದಲ್ಲಿ ಜೋರು ವಿಷ ಇದೆ. ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಏರು ತಗ್ಗಿನ ಜಾಗ, ಮಂಡಿ ನೋವಿದ್ದವರಿಗೆ ನಿಧಾನ ಮಾಡಬೇಕಾಗುತ್ತದೆ. ಸ್ವೆಟರ್ ಇರಲಿ. ಟಿಲ್ಡನ್ ಪಾರ್ಕ್ ಕಡೆಯಿಂದ ಬರುವುದಾದರೆ ಒಂದು ವಿಷಯ. ಅಲ್ಲಿನ ಸೌತ್ ಪಾರ್ಕ್ ಡ್ರೈವ್ ರಸ್ತೆಯನ್ನು ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಕಾರುಗಳಿಗೆ ಮುಚ್ಚಿರುತ್ತಾರೆ. ಇದೇ ನ್ಯೂಟ್‌ಗಳು ರಸ್ತೆ ದಾಟಲಿ ಅಂತ.