ಒಂದೇ ಪ್ರೀಸೆಟ್ (ಮೊದಲೇ ಉಳಿಸಿಟ್ಟ ಎಡಿಟಿಂಗ್ ಹೊಂದಾಣಿಕೆಗಳು) ಹಾಕಿದರೂ ಕಾರಿನ ಬಣ್ಣ ಪ್ರತಿ ಫೋಟೋದಲ್ಲಿ ಬೇರೆ ಕಾಣುವುದೇಕೆ?

ಫೋಟೋಗಳ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹೊಂದಾಣಿಕೆ) ಮತ್ತು ಬೆಳಕಿನ ಮಟ್ಟ ಮೊದಲೇ ಬೇರೆ ಬೇರೆ ಇರುತ್ತವೆ, ಅದಕ್ಕೆ. ಮೊದಲು ಅವೆರಡನ್ನು ಸಮ ಮಾಡಿ, ಆಮೇಲೆ ಪ್ರೀಸೆಟ್ ಹಾಕಿ.

ಕಾರಿನ ಪೇಂಟ್ ಅರ್ಧ ಕನ್ನಡಿ ಇದ್ದ ಹಾಗೆ. ಬಿಳಿ ಕಾರಿನ ಬಾನೆಟ್ ಮೇಲೆ ಆಕಾಶದ ನೀಲಿ, ಬಾಗಿಲ ಕೆಳಗೆ ಕೆಮ್ಮಣ್ಣಿನ ಛಾಯೆ. ನೀವು ಜಾಗ ಬದಲಿಸಿದಂತೆ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಕೂಡ ಬದಲಾಗುತ್ತದೆ. ಪ್ರೀಸೆಟ್ ಸುಮ್ನೆ ಇದ್ದದ್ದರ ಮೇಲೇ ಕೆಲಸ ಮಾಡುತ್ತದೆ.

ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಡೇಟಾ) ಫಾರ್ಮ್ಯಾಟ್‌ನಲ್ಲಿ ತೆಗೆಯಿರಿ. ಬಿಸಿಲಲ್ಲಾದರೆ ವೈಟ್ ಬ್ಯಾಲೆನ್ಸನ್ನು ಸುಮಾರು 5500 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ) ಇಟ್ಟುಬಿಡಿ. ಬೆಳಕು ಬದಲಾದಾಗಲೆಲ್ಲ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ಒಂದು ಫೋಟೋ ತೆಗೆಯಿರಿ. ಲೈಟ್‌ರೂಮ್‌ನಲ್ಲಿ (ಫೋಟೋ ಎಡಿಟಿಂಗ್ ಆ್ಯಪ್) ಅದನ್ನು ನೋಡಿ ವೈಟ್ ಬ್ಯಾಲೆನ್ಸ್ ಸರಿಮಾಡಿ, ಆ ಬೆಳಕಿನ ಉಳಿದ ಫೋಟೋಗಳಿಗೆ ಸಿಂಕ್ ಮಾಡಿ (ಅದೇ ಹೊಂದಾಣಿಕೆ ನಕಲಿಸಿ). ಕೆಂಪು ಕಾರಾದರೆ ಪ್ರೀಸೆಟ್‌ನ ರೆಡ್ ಹ್ಯೂ (ಕೆಂಪಿನ ಛಾಯೆ ಬದಲಿಸುವ) ಸ್ಲೈಡರನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಪೇಂಟ್ ಕಿತ್ತಳೆ ಕಡೆ ವಾಲಬಹುದು, ಮಾಲೀಕರಿಗೆ ಅದು ತಕ್ಷಣ ಗೊತ್ತಾಗುತ್ತದೆ.