ಲೋಹದ ಪುಟ್ಟ ಉಂಗುರಗಳನ್ನು ಹೆಣೆದು ಮಾಡುವ ಒಡವೆಯಲ್ಲಿ ಅನೊಡೈಸ್ ಮಾಡಿದ ಬಣ್ಣ ಉಳಿಯುತ್ತದೆಯೇ?

ಅನೊಡೈಸ್ ಎಂದರೆ ವಿದ್ಯುತ್ ಹರಿಸಿ ಲೋಹದ ಮೈಮೇಲೆ ಆಕ್ಸೈಡ್ ಪದರ ಬೆಳೆಸುವುದು; ಇದು ಮೇಲೆ ಬಳಿದ ಬಣ್ಣವಲ್ಲ. ಪೇಂಟಿನಂತೆ ಸಿಪ್ಪೆ ಏಳುವುದಿಲ್ಲ. ಅಲ್ಯೂಮಿನಿಯಂ ಉಂಗುರಗಳನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಅವುಗಳ ಮೈಮೇಲೆ ಸೂಕ್ಷ್ಮ ರಂಧ್ರಗಳಿರುವ ಆಕ್ಸೈಡ್ ಪದರ ಬೆಳೆಯುತ್ತದೆ. ರಂಧ್ರಗಳು ಬಣ್ಣ ಹೀರಿಕೊಂಡ ಮೇಲೆ ಕುದಿನೀರಿನಲ್ಲಿಟ್ಟು ಅವುಗಳ ಬಾಯಿ ಮುಚ್ಚಿಸುತ್ತಾರೆ. ಟೈಟಾನಿಯಂ, ನಯೋಬಿಯಂ ಲೋಹಗಳ ಕಥೆಯೇ ಬೇರೆ, ನನಗಂತೂ ಅದೇ ಹೆಚ್ಚಿನ ಸೋಜಿಗ: ಅಲ್ಲಿ ಬಣ್ಣವನ್ನೇ ಹಾಕುವುದಿಲ್ಲ. ವೋಲ್ಟೇಜ್ ಏರಿದಂತೆ ಪದರ ದಪ್ಪವಾಗುತ್ತದೆ. ಸೋಪಿನ ಗುಳ್ಳೆಯಲ್ಲಿ ಆಗುವಂತೆ ಬೆಳಕೇ ಬಣ್ಣವಾಗಿ ಕಾಣುತ್ತದೆ.

ಆದರೆ ಪದರ ತೆಳು. ಉಂಗುರಕ್ಕೆ ಉಂಗುರ ಉಜ್ಜುವ ಕೈಸರದಲ್ಲಿ ಕ್ರಮೇಣ ಲೋಹದ ಬಿಳುಪು ಇಣುಕುತ್ತದೆ; ಕಿವಿಯೋಲೆಗೆ ಆ ಚಿಂತೆ ಕಡಿಮೆ. ಹೆಣೆಯಲು ಹಲ್ಲಿಲ್ಲದ ಇಕ್ಕಳವನ್ನೇ ಬಳಸಿ. ಹೊಳಪಿಗೆಂದು ಹುಣಸೆಹಣ್ಣು ಹಚ್ಚಿ ತಿಕ್ಕೀರಿ, ಜೋಕೆ! ಸೋಪಿನ ನೀರು ಸಾಕು.